ನೆನೆಸಿದ ರಾಗಿ ಬೀಜವನ್ನು ಮತ್ತೆ ಒಣಗಿಸಿ ಬಿತ್ತಬಹುದಾ? ಒಳಗೆ ಡಿಎನ್‌ಎ ಏನಾಗಿರುತ್ತದೆ?

ಅರಸೀಕೆರೆ ಹೊಲ
ಎಲ್ಲರಿಗೂ ನಮಸ್ಕಾರ. ನಮ್ಮದು ಖುಷ್ಕಿ ಹೊಲ, ಮಳೆ ನಂಬಿಕೊಂಡೇ ರಾಗಿ. ಈ ಸಲ ಬೀಜ ಗಟ್ಟಿ ಮಾಡಿ ಬಿತ್ತೋಣ ಅಂತ ರಾಗಿಯನ್ನು ನೆನೆಸಿ, ಬಸಿದು, ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟಿದ್ದೆ. ಅಷ್ಟರಲ್ಲಿ ಮಳೆ ಹಿಡಿದುಕೊಂಡಿತು. ಹೊಲದಲ್ಲಿ ಕಾಲಿಡೋಕೆ ಆಗುತ್ತಿಲ್ಲ, ಕೂರಿಗೆ ಕಟ್ಟುವ ಮಾತೇ ಇಲ್ಲ. ಈಗ ಗಂಟು ಬಿಚ್ಚಿ ನೋಡಿದರೆ ಜಾಸ್ತಿ ಬೀಜ ಉಬ್ಬಿ ನಿಂತಿದೆ, ಕೆಲವಕ್ಕೆ ಬೇರು ಹೊರಗೇ ಬಂದಿದೆ. ನೆರಳಲ್ಲಿ ಒಣಗಿಸಿಟ್ಟು, ಹೊಲ ಆರಿದ ಮೇಲೆ ಬಿತ್ತಬಹುದಾ? ಬಿಎಸ್ಸಿ ಓದುತ್ತಿರುವ ಮಗಳು "ಅಪ್ಪಾ, ನೀರು ತಾಗಿದ ಕೂಡಲೇ ಡಿಎನ್‌ಎ ಎರಡಾಗೋಕೆ ಶುರುವಾಗುತ್ತೆ, ಈಗ ಒಣಗಿಸಿದರೆ ಸತ್ತೇ ಹೋಗುತ್ತೆ" ಅಂತಾಳೆ. ನಮ್ಮಪ್ಪ "ಸುಮ್ನೆ ಒಣಗಿಸೋ" ಅಂತಾರೆ. ಯಾರ ಮಾತು ಕೇಳಲಿ?

ಗೊರೂರು ಬಯಲು
ಒಣಗಿಸಿ ಅಣ್ಣ, ಏನೂ ಆಗಲ್ಲ. ನಮ್ಮ ಕಡೆ ಎಷ್ಟೋ ಜನ ಹಾಗೆ ಮಾಡಿದ್ದಾರೆ. ಬಿಸಿಲಿಗೆ ಹಾಕಬೇಡಿ ಅಷ್ಟೇ.

ಹಾಸನದ ಬಾಟನಿ ಮೇಷ್ಟ್ರು
"ಏನೂ ಆಗಲ್ಲ" ಅಂತ ಇಡೀ ಗಂಟಿಗೆ ಹೇಳೋಕೆ ಆಗುವುದಿಲ್ಲ. ಅದರಲ್ಲಿ ಈಗ ಎರಡು ತರದ ಬೀಜ ಇದೆ. ಬೇರು ಹೊರಗೆ ಬಾರದೆ ಬರೀ ಉಬ್ಬಿರುವುದನ್ನು ಧೈರ್ಯವಾಗಿ ಒಣಗಿಸಿ. ಬೇರು ಬಂದಿರುವುದನ್ನು ನಂಬಬೇಡಿ. ಯಾಕೆ ಅಂತ ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡ್ಕೋಬೇಡಿ.

ಒಣಬೀಜಕ್ಕೆ ನೀರು ಸಿಕ್ಕಾಗ ಮೊದಲು ಸರಸರ ಎಳೆದುಕೊಳ್ಳುತ್ತದೆ. ಇದಕ್ಕೆ ಜೀವವೇ ಬೇಕಿಲ್ಲ, ಸತ್ತ ಬೀಜವೂ ಹಾಗೇ ಉಬ್ಬುತ್ತದೆ. ಆಮೇಲೆ ನೀರು ಎಳೆಯುವುದು ಹೆಚ್ಚುಕಡಿಮೆ ನಿಂತು ಹೋಗುತ್ತದೆ. ಹೊರಗಿನಿಂದ ನೋಡಿದರೆ ಬೀಜ ಸುಮ್ಮನೆ ಕೂತಿದೆ ಅನ್ನಿಸುತ್ತದೆ, ಆದರೆ ಒಳಗಿನ ಕೆಲಸವೆಲ್ಲ ಆಗಲೇ. ಕೊನೆಗೆ ಬೇರು ಸಿಪ್ಪೆ ಒಡೆದು ಹೊರಬರುತ್ತದೆ, ಅಲ್ಲಿಂದ ಮತ್ತೆ ನೀರು ಎಳೆಯಲು ಶುರು.

ಈ ನಡುವಿನ ಸುಮ್ಮನಿರುವ ಹೊತ್ತಿನಲ್ಲಿ ಡಿಎನ್‌ಎ ತಯಾರಾಗುತ್ತದೆ ಅನ್ನುವುದು ನಿಜ, ಮಗಳು ಹೇಳಿದ್ದು ಅಷ್ಟರ ಮಟ್ಟಿಗೆ ಸರಿ. ಆದರೆ ಮೊದಮೊದಲು ಆಗುವುದು ಎರಡಾಗುವ ಕೆಲಸ ಅಲ್ಲ, ರಿಪೇರಿ ಕೆಲಸ. ಬೀಜ ಒಣಗುವಾಗ, ಆಮೇಲೆ ಚೀಲದಲ್ಲಿ ತಿಂಗಳುಗಟ್ಟಲೆ ಕೂತಿರುವಾಗ ಡಿಎನ್‌ಎ ಎಳೆಗಳು ಅಲ್ಲಲ್ಲಿ ತುಂಡಾಗುತ್ತವೆ. ಒಣಗಿದ ಜೀವಕೋಶದಲ್ಲಿ ಅದನ್ನು ಸರಿಮಾಡುವ ಕಿಣ್ವಗಳು ಓಡಾಡಲಾರವು, ಹಾಗಾಗಿ ಏಟು ಕೂಡುತ್ತಲೇ ಹೋಗುತ್ತದೆ. ನೀರು ಸಿಕ್ಕ ಮೊದಲ ಗಂಟೆಗಳಲ್ಲೇ ಅವು ಎದ್ದು ಕೆಟ್ಟ ಕಡೆ ಕತ್ತರಿಸಿ, ಹೊಸ ತುಣುಕು ಕೂರಿಸಿ, ಬೆಸೆಯುತ್ತವೆ. ಮಲೆನಾಡಲ್ಲಿ ಮಳೆಗಾಲಕ್ಕೆ ಮುಂಚೆ ಹೆಂಚು ಕೈಯಾಡಿಸಿ ಒಡೆದದ್ದನ್ನಷ್ಟೇ ಬದಲಾಯಿಸುತ್ತಾರಲ್ಲ, ಆ ತರ. ಇಂಗ್ಲೆಂಡಿನ ಡ್ಯಾಫ್ನಿ ಆಸ್‌ಬೋರ್ನ್ ಅನ್ನುವವರು ರೈ ಧಾನ್ಯದ ಭ್ರೂಣ ಇಟ್ಟುಕೊಂಡು ಈ ರಿಪೇರಿ ಬಗ್ಗೆ ಬಹಳ ಕೆಲಸ ಮಾಡಿದ್ದಾರೆ.

ಪೂರ್ತಿ ಡಿಎನ್‌ಎ ಎರಡಾಗುವುದು ಇದಾದ ಮೇಲೆ. ಜಾಸ್ತಿ ಬೀಜಗಳಲ್ಲಿ ಅದು ಬೇರು ಹೊರಬರುವ ಹೊತ್ತಿಗೆ ಅಥವಾ ಅದಕ್ಕೆ ಸ್ವಲ್ಪ ಹಿಂದೆಮುಂದೆ ಶುರುವಾಗುತ್ತದೆ. ಹೆಚ್ಚುಕಡಿಮೆ ಅದೇ ಹೊತ್ತಿಗೆ ಬೀಜ ಇನ್ನೊಂದು ಗುಣವನ್ನೂ ಕಳೆದುಕೊಳ್ಳುತ್ತದೆ, ಒಣಗಿಯೂ ಬದುಕಿರುವ ಗುಣ. ನಿಮ್ಮ ಪ್ರಶ್ನೆಗೆ ಉತ್ತರ ಇರುವುದು ಇಲ್ಲಿ. ರಿಪೇರಿ ಹಂತದಲ್ಲಿ ಒಣಗಿಸಿದರೆ ಮಾಡಿದ ರಿಪೇರಿ ಎಲ್ಲೂ ಹೋಗುವುದಿಲ್ಲ. ಮುಂದೆ ನೀರು ಸಿಕ್ಕಾಗ ಬೀಜ ಅಲ್ಲಿಂದಲೇ ಮುಂದುವರಿಯುತ್ತದೆ, ಅದಕ್ಕೇ ಬೇಗ ಮತ್ತು ಒಟ್ಟಿಗೆ ಹುಟ್ಟುವುದು. ಒಣಬೇಸಾಯದ ರಾಗಿಗೆ ಹೇಳಿಕೊಡುವ ಕ್ರಮವೂ ಇದೇ ಅಲ್ವಾ? ಕಿಲೋ ಬೀಜಕ್ಕೆ ಲೀಟರ್ ನೀರು, 6 ಗಂಟೆ ನೆನೆಸು, ಬಸಿದು ಒದ್ದೆ ಬಟ್ಟೆಯಲ್ಲಿ 2 ದಿನ ಕಟ್ಟಿಡು, ಮೊಳಕೆಯ ಮೊದಲ ಸುಳಿವು ಕಂಡ ತಕ್ಷಣ ಬಿಚ್ಚಿ ನೆರಳಲ್ಲಿ ಒಣಗಿಸು. ಆ "ಮೊದಲ ಸುಳಿವು" ದಾಟಿದರೆ ಕಥೆ ಬೇರೆ.

ಬಿಎಸ್ಸಿ ಐದನೇ ಸೆಮ್
ಸರ್, ಮೇಲೆ ಬರೆದಿರುವ ಅಪ್ಪನ ಮಗಳು ನಾನೇ. ಒಂದು ಡೌಟು. ಮೊಳಕೆ ಬರುವುದು ಅಂದರೆ ಬೆಳವಣಿಗೆ, ಬೆಳವಣಿಗೆ ಅಂದರೆ ಕೋಶ ವಿಭಜನೆ, ಕೋಶ ಒಡೆಯಬೇಕಾದರೆ ಮೊದಲು ಡಿಎನ್‌ಎ ಎರಡಾಗಲೇಬೇಕು. ಹಾಗಿದ್ದಮೇಲೆ ಬೇರು ಹೊರಬರುವ ಎಷ್ಟೋ ಮುಂಚೆಯೇ ಅದು ಮುಗಿದಿರಬೇಕಲ್ವಾ? ಇನ್ನೊಂದು, ರಿಪೇರಿಗೂ ಹೊಸ ಡಿಎನ್‌ಎ ಬೇಕು, ಎರಡಾಗೋಕೂ ಬೇಕು. ಯಾವುದು ಯಾವುದು ಅಂತ ಹೇಗೆ ಗೊತ್ತಾಗುತ್ತದೆ?

ಹಾಸನದ ಬಾಟನಿ ಮೇಷ್ಟ್ರು
ಒಳ್ಳೆ ಪ್ರಶ್ನೆ ಕಣಮ್ಮ. ಇದಕ್ಕೆ ಉತ್ತರ ಕೊಟ್ಟ ಒಂದು ಪ್ರಯೋಗ ನನಗೆ ತುಂಬ ಇಷ್ಟ. 1960ರ ಸುಮಾರಿಗೆ ಅಮೆರಿಕದ ಓಕ್ ರಿಡ್ಜ್‌ನಲ್ಲಿ ಹೇಬರ್ ಮತ್ತು ಜೊತೆಯವರು ಗೋಧಿ ಬೀಜಕ್ಕೆ ವಿಪರೀತ ಗಾಮಾ ಕಿರಣ ಹೊಡೆದರು. ಎಷ್ಟು ಅಂದರೆ ಆ ಬೀಜದಲ್ಲಿ ಡಿಎನ್‌ಎ ಎರಡಾಗುವುದೂ ಇಲ್ಲ, ಕೋಶ ಒಡೆಯುವುದೂ ಇಲ್ಲ. ಆದರೂ ನೀರು ಹಾಕಿದರೆ ಮೊಳಕೆ ಬಂತು! ಬೇರು ಬಂತು, ಸಣ್ಣ ಎಲೆಯೂ ಬಂತು. ಗಾಮಾ ಸಸಿಗಳು ಅಂತಲೇ ಅವನ್ನು ಕರೆದರು. ಇದ್ದ ಕೋಶಗಳೇ ನೀರು ಕುಡಿದು ಉದ್ದ ಆದವು, ಅಷ್ಟೇ. ಮುಂದಕ್ಕೆ ಬೆಳೆಯಲಿಲ್ಲ, ಅದು ಬೇರೆ ವಿಷಯ. ಅಂದರೆ ಬೇರಿನ ತುದಿ ಸಿಪ್ಪೆಯಿಂದ ಇಣುಕಲು ಹೊಸ ಕೋಶ ಬೇಡ, ಹಳೆ ಕೋಶ ಹಿಗ್ಗಿದರೆ ಸಾಕು. ವಿಭಜನೆ ಬೇಕಾಗುವುದು ಆಮೇಲಿನ ಬೆಳವಣಿಗೆಗೆ.

ಎರಡನೆಯದಕ್ಕೆ ಬರೋಣ. ಡಿಎನ್‌ಎಗೆ ಮಾತ್ರ ಬೇಕಾದ ಒಂದು ಇಟ್ಟಿಗೆ ಇದೆ, ಥೈಮಿಡಿನ್. ಅದರಲ್ಲಿ ವಿಕಿರಣ ಸೂಸುವ ಹೈಡ್ರೋಜನ್, ಅಂದರೆ ಟ್ರಿಟಿಯಂ, ಸೇರಿಸಿ ಬೀಜಕ್ಕೆ ಕುಡಿಸುತ್ತಾರೆ. ಎಲ್ಲಿ ಹೊಸ ಡಿಎನ್‌ಎ ಆಗುತ್ತದೋ ಅಲ್ಲಿ ಗುರುತು ಬೀಳುತ್ತದೆ. 1957ರಲ್ಲಿ ಟೇಲರ್ ಮತ್ತು ಜೊತೆಯವರು ಇದೇ ಉಪಾಯದಿಂದ ಬ್ರಾಡ್ ಬೀನ್ ಬೇರಿನ ತುದಿಯಲ್ಲಿ ವರ್ಣತಂತುಗಳು ಹೇಗೆ ಎರಡಾಗುತ್ತವೆ ಅಂತ ತೋರಿಸಿದ್ದು. ಗುರುತು ಬಿದ್ದೂ ಕೋಶದ ಒಟ್ಟು ಡಿಎನ್‌ಎ ಏರದೆ ಇದ್ದರೆ ಅದು ರಿಪೇರಿ. ಒಟ್ಟು ಡಿಎನ್‌ಎ ಎರಡರಷ್ಟಾದರೆ ಪೂರ್ತಿ ನಕಲು. ಈಗ ಫ್ಲೋ ಸೈಟೋಮೀಟರ್ ಅಂತ ಯಂತ್ರ ಇದೆ, ಒಂದೊಂದೇ ಕೋಶಕೇಂದ್ರವನ್ನು ಹಾಯಿಸಿ ಡಿಎನ್‌ಎ ಎಷ್ಟಿದೆ ಅಂತ ಅಳೆಯುತ್ತದೆ. ಒಣಬೀಜದ ಭ್ರೂಣದಲ್ಲಿ ಜಾಸ್ತಿ ಕೋಶಗಳು ನಕಲು ಮಾಡುವ ಮುಂಚಿನ ಘಟ್ಟದಲ್ಲೇ ನಿಂತಿರುತ್ತವೆ.

ಬೇಲೂರು ಬುಲೆಟ್
ರಾಗಿ ಬಿತ್ತೋಕೆ ಗಾಮಾ ಕಿರಣದವರೆಗೆ ಹೋಗಬೇಕಾ ಮೇಷ್ಟ್ರೇ 😀 ಅವರ ಅಪ್ಪ ಹೇಳಿದಂಗೆ ಒಣಗಿಸಿ ಬಿಸಾಕಿ ಅಂದಿದ್ರೆ ಮುಗಿದಿತ್ತು.

ಬೀಜದ ಲ್ಯಾಬು
ಬುಲೆಟ್ ಅಣ್ಣ, ಬಿತ್ತಿ ಹುಟ್ಟದೆ ಇದ್ದಾಗ ಎಲ್ಲರೂ ಬರುವುದು ನಮ್ಮ ಹತ್ತಿರವೇ. ಅದಕ್ಕೆ ನಾನೂ ಸ್ವಲ್ಪ ಕೊರೆಯುತ್ತೇನೆ, ಸಹಿಸಿಕೊಳ್ಳಿ.

ಹಳೆ ಬೀಜ ತಡವಾಗಿ ಹುಟ್ಟುವುದನ್ನು ಎಲ್ಲರೂ ನೋಡಿರುತ್ತೀರಿ. ಸೋಮಾರಿ ಬೀಜ ಅಂತ ಬೈಯುತ್ತಾರೆ. ಅದು ತಡ ಮಾಡುವುದು ರಿಪೇರಿ ಮುಗಿಯದೆ ಮುಂದೆ ಹೋಗಬಾರದು ಅಂತ. ಇಂಗ್ಲೆಂಡಿನ ಲೀಡ್ಸ್‌ನವರು 2016ರಲ್ಲಿ ಅರಬಿಡಾಪ್ಸಿಸ್ ಅನ್ನುವ ಸಣ್ಣ ಗಿಡದಲ್ಲಿ ಇದನ್ನು ತೋರಿಸಿದರು. ಎಟಿಎಂ ಅಂತ ಒಂದು ಪ್ರೋಟೀನ್ ಇದೆ (ದುಡ್ಡು ಕೊಡುವ ಎಟಿಎಂ ಅಲ್ಲ). ಡಿಎನ್‌ಎ ತುಂಡಾಗಿದ್ದರೆ ಅದು ಮೊಳಕೆಯನ್ನು ತಡೆದು ಹಿಡಿಯುತ್ತದೆ. ಆ ಪ್ರೋಟೀನ್ ಇಲ್ಲದ ಗಿಡದ ಹಳೆ ಬೀಜ ಕಾಯುವುದೇ ಇಲ್ಲ, ಬೇಗ ಹುಟ್ಟುತ್ತದೆ. ಆದರೆ ಮುರಿದ ವರ್ಣತಂತು ಹೊತ್ತುಕೊಂಡು ಹುಟ್ಟುತ್ತದೆ.

ಅರಸೀಕೆರೆಯವರು ಈಗ ಮಾಡಬೇಕಾದ್ದು ಸುಲಭ. ಗಂಟು ಬಿಚ್ಚಿ ನೆರಳಲ್ಲಿ, ಗಾಳಿ ಆಡುವ ಕಡೆ, ತೆಳ್ಳಗೆ ಹರಡಿ. ಹಲ್ಲಲ್ಲಿ ಕಚ್ಚಿದರೆ ಟಕ್ ಅನ್ನುವಷ್ಟು ಒಣಗಲಿ. ಆಮೇಲೆ ಒಂದು ಹಿಡಿಯಿಂದ ಕಣ್ಣು ಮುಚ್ಚಿ 100 ಕಾಳು ಎಣಿಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು ನೋಡಿ. ಲ್ಯಾಬಲ್ಲಿ ನಾವು 400 ಕಾಳು ಇಡುತ್ತೇವೆ, ಮನೆಯಲ್ಲಿ 100 ಸಾಕು. ಪ್ರಮಾಣೀಕೃತ ರಾಗಿ ಬೀಜಕ್ಕೆ ಕನಿಷ್ಠ 75 ಹುಟ್ಟಬೇಕು ಅಂತ ಇದೆ, ಅದಕ್ಕಿಂತ ಕಡಿಮೆ ಬಂದರೆ ಬೀಜದ ಪ್ರಮಾಣ ಜಾಸ್ತಿ ಮಾಡಿ, ತೀರಾ ಕಡಿಮೆ ಬಂದರೆ ಹಿಟ್ಟು ಮಾಡಿಸಿ. ಬೇರು ಬಂದು ಒಣಗಿದ ಕಾಳಿನಲ್ಲಿ ಆ ಮೊದಲ ಬೇರು ಸಾಯುತ್ತದೆ. ರಾಗಿ, ಗೋಧಿಯಂಥ ಹುಲ್ಲಿನ ಜಾತಿಯಲ್ಲಿ ಕೆಲವು ಸಲ ಬುಡದಿಂದ ಹೊಸ ಬೇರು ಬಂದು ಬದುಕಿಕೊಳ್ಳುತ್ತದೆ. ಆದರೆ ಖುಷ್ಕಿ ಹೊಲದಲ್ಲಿ ಅದನ್ನು ನೆಚ್ಚಿಕೊಂಡು ಕೂರಬೇಡಿ.

ಮತ್ತೆ, ಹೀಗೆ ನೆನೆಸಿ ಒಣಗಿಸಿದ ಬೀಜವನ್ನು ಮುಂದಿನ ವರ್ಷಕ್ಕೆ ಇಡಬೇಡಿ. ಇದರ ಆಯಸ್ಸು ಮಾಮೂಲಿ ಬೀಜಕ್ಕಿಂತ ಕಡಿಮೆ.

ಗೊರೂರು ಬಯಲು
ಲ್ಯಾಬಲ್ಲಿ ಬೀಜಕ್ಕೆ ಬಣ್ಣ ಹಾಕಿ ಜೀವ ಇದೆಯಾ ಇಲ್ವಾ ಅಂತ ಹೇಳ್ತಾರಂತೆ, ನಿಜಾನಾ?

ಬೀಜದ ಲ್ಯಾಬು
ನಿಜ. ಟೆಟ್ರಾಜೋಲಿಯಂ ಪರೀಕ್ಷೆ. ಜರ್ಮನಿಯ ಲಾಕೋನ್ ಅನ್ನುವವರು 1940ರ ದಶಕದಲ್ಲಿ ರೂಢಿಗೆ ತಂದದ್ದು. ಆ ದ್ರಾವಣಕ್ಕೆ ಬಣ್ಣವೇ ಇಲ್ಲ, ನೀರಿನ ತರ ಇರುತ್ತದೆ. ನೆನೆಸಿದ ಬೀಜವನ್ನು ಸೀಳಿ ಅದರಲ್ಲಿ ಇಟ್ಟರೆ, ಉಸಿರಾಡುತ್ತಿರುವ ಕೋಶದ ಡಿಹೈಡ್ರೋಜಿನೇಸ್ ಕಿಣ್ವಗಳು ಅದನ್ನು ಕೆಂಪು ಮಾಡುತ್ತವೆ. ಸತ್ತ ಭಾಗ ಬಿಳಿಯಾಗೇ ಉಳಿಯುತ್ತದೆ. ಮೆಕ್ಕೆಜೋಳದಲ್ಲಿ ನೋಡೋಕೆ ಚಂದ, ಭ್ರೂಣ ಮಾತ್ರ ಕೆಂಪಗೆ, ಸುತ್ತ ಹಿಟ್ಟಿನ ಭಾಗ ಬೆಳ್ಳಗೆ. ಹಿಟ್ಟಿನ ಭಾಗದ ಕೋಶಗಳು ಬೀಜ ಬಲಿಯುವಾಗಲೇ ಸತ್ತಿರುತ್ತವೆ, ಅದು ಬರೀ ಉಗ್ರಾಣ. ವಾರ ಕಾಯುವ ಬದಲು ಒಂದು ದಿನದಲ್ಲಿ ಉತ್ತರ ಸಿಗುತ್ತದೆ.

ಚನ್ನರಾಯಪಟ್ಟಣ ಅಡುಗೆಮನೆ
ನಾನು ಬಿತ್ತುವವಳಲ್ಲ, ಬೇಯಿಸುವವಳು. ಮೊಮ್ಮಗುವಿಗೆ ರಾಗಿ ಮೊಳಕೆ ಕಟ್ಟಿ, ಒಣಗಿಸಿ, ಹುರಿದು ಸರಿಹಿಟ್ಟು ಮಾಡುತ್ತೇನೆ. ಮೊಳಕೆ ರಾಗಿಯ ಸರಿ ಎಷ್ಟು ಹಿಟ್ಟು ಹಾಕಿದರೂ ಮಾಮೂಲಿ ಹಿಟ್ಟಿನಷ್ಟು ಗಟ್ಟಿ ಬರುವುದಿಲ್ಲ, ನೀರು ನೀರು. ಸತ್ವ ಹೋಗಿಬಿಟ್ಟಿದೆಯಾ ಅಂತ ಸೊಸೆಗೆ ಅನುಮಾನ. ಮೇಷ್ಟ್ರು ಹೇಳಿದ ಕಿಣ್ವಕ್ಕೂ ಇದಕ್ಕೂ ಸಂಬಂಧ ಇದೆಯಾ?

ಹಾಸನದ ಬಾಟನಿ ಮೇಷ್ಟ್ರು
ಸಂಬಂಧ ಏನು, ಅದೇ ಇದು ಅಮ್ಮಾ! ಮೊಳಕೆ ಬರುವಾಗ ಭ್ರೂಣ ಜಿಬ್ಬರೆಲಿನ್ ಅನ್ನುವ ಹಾರ್ಮೋನು ಬಿಡುತ್ತದೆ. ಕಾಳಿನ ಸಿಪ್ಪೆಯ ಒಳಗೆ ಅಲ್ಯೂರೋನ್ ಅಂತ ತೆಳು ಪದರ ಇದೆ. ಹಾರ್ಮೋನು ತಲುಪಿದ ಕೂಡಲೇ ಆ ಪದರ ಆಲ್ಫಾ ಅಮೈಲೇಸ್ ಅನ್ನುವ ಕಿಣ್ವ ತಯಾರಿಸಿ ಹಿಟ್ಟಿನ ಭಾಗಕ್ಕೆ ಸುರಿಯುತ್ತದೆ. ಅದು ಪಿಷ್ಟದ ಉದ್ದ ಸರಪಳಿಗಳನ್ನು ತುಂಡು ತುಂಡು ಮಾಡುತ್ತದೆ, ಸಸಿಗೆ ಸಕ್ಕರೆ ಸಿಗುತ್ತದೆ. 1960ರಲ್ಲಿ ಜಪಾನಿನ ಯೋಮೋ ಮತ್ತು ಆಸ್ಟ್ರೇಲಿಯಾದ ಪೇಲೆಗ್ ಬೇರೆಬೇರೆಯಾಗಿ ಬಾರ್ಲಿಯಲ್ಲಿ ಇದನ್ನು ಕಂಡುಕೊಂಡರು. ಭ್ರೂಣ ಕತ್ತರಿಸಿ ತೆಗೆದ ಅರ್ಧ ಕಾಳಿನಲ್ಲಿ ಪಿಷ್ಟ ಕರಗಲ್ಲ, ಅದೇ ಅರ್ಧ ಕಾಳಿಗೆ ಜಿಬ್ಬರೆಲಿನ್ ಹಾಕಿದರೆ ಕರಗುತ್ತದೆ.

ನಿಮ್ಮ ಹಿಟ್ಟಿನಲ್ಲಿ ಆ ಕಿಣ್ವ ಇನ್ನೂ ಬದುಕಿದೆ. ಸರಿ ಕಾಯಿಸುವಾಗ, ಕುದಿ ಬರುವ ಮುಂಚೆ ಬಿಸಿ ಏರುತ್ತಿರುವ ಹೊತ್ತಿನಲ್ಲಿ, ಅದು ಪಿಷ್ಟ ಕತ್ತರಿಸುತ್ತದೆ, ಸರಿ ತೆಳ್ಳಗಾಗುತ್ತದೆ. ಸತ್ವ ಹೋಗಿಲ್ಲ. ಸೊಸೆಗೆ ಹೇಳಿ, ತೆಳ್ಳಗಿರುವುದೇ ಲಾಭ. ಮಗು ನುಂಗುವಷ್ಟು ತೆಳ್ಳಗೆ ಇದ್ದೂ ಅದರಲ್ಲಿ ಜಾಸ್ತಿ ಹಿಟ್ಟು ಹಿಡಿಸುತ್ತದೆ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನವರು ರಾಗಿ ಮಾಲ್ಟ್ (ಮೊಳಕೆ ರಾಗಿ ಹಿಟ್ಟು) ಮೇಲೆ ಮಾಡಿದ ಕೆಲಸದ ಹಿಂದೆ ಇರುವುದೂ ಇದೇ ವಿಷಯ. ಹುರಿಯುವಾಗ ಘಮ ಬರುವಷ್ಟಕ್ಕೆ ನಿಲ್ಲಿಸಿ. ಕಪ್ಪಗೆ ಹುರಿದರೆ ಕಿಣ್ವ ಸತ್ತು ಮತ್ತೆ ಗಟ್ಟಿ ಅಂಬಲಿಯೇ ಆಗುತ್ತದೆ.

ಬಿಎಸ್ಸಿ ಮಗಳಿಗೆ ಒಂದು ಮಾತು. ಈ ಅಲ್ಯೂರೋನ್ ಕೋಶಗಳು ಒಮ್ಮೆಯೂ ಒಡೆಯುವುದಿಲ್ಲ. ಡಿಎನ್‌ಎ ನಕಲು ಮಾಡದೆ, ಇದ್ದ ಡಿಎನ್‌ಎಯನ್ನು ಓದಿಕೊಂಡೇ ಅಷ್ಟು ಕಿಣ್ವ ತಯಾರಿಸಿ, ಕೆಲಸ ಮುಗಿದ ಮೇಲೆ ಸಾಯುತ್ತವೆ. ಕಿಣ್ವ ತಯಾರಾಗುವುದು ಬೇರೆ, ಡಿಎನ್‌ಎ ಎರಡಾಗುವುದು ಬೇರೆ. ಪರೀಕ್ಷೆಯಲ್ಲಿ ಜಾಸ್ತಿ ಜನ ಕಲಸುವುದು ಇಲ್ಲೇ.

ಬಿಎಸ್ಸಿ ಐದನೇ ಸೆಮ್
ಹಾಗಾದರೆ ಎಲ್ಲ ಕಿಣ್ವವೂ ಹೊಸದಾಗೇ ತಯಾರಾಗಬೇಕಾ ಸರ್? ಒಣಬೀಜದಲ್ಲಿ ಏನೂ ಇರಲ್ವಾ?

ಹಾಸನದ ಬಾಟನಿ ಮೇಷ್ಟ್ರು
ಇರುತ್ತದೆ. ಬಾರ್ಲಿಯ ಬೀಟಾ ಅಮೈಲೇಸ್ ಬೀಜ ಬಲಿಯುವಾಗಲೇ ತಯಾರಾಗಿ ಅಂಟಿಕೊಂಡು ಕೂತಿರುತ್ತದೆ, ಮೊಳಕೆ ಬರುವಾಗ ಬಿಡುಗಡೆ ಆಗುತ್ತದೆ. ಪ್ರೋಟೀನ್ ತಯಾರಿಸಲು ಬೇಕಾದ ಆರ್‌ಎನ್‌ಎ ಓಲೆಗಳನ್ನೂ ತಾಯಿಗಿಡದ ಮೇಲಿದ್ದಾಗಲೇ ಬರೆದಿಟ್ಟುಕೊಂಡಿರುತ್ತದೆ. ಅರಬಿಡಾಪ್ಸಿಸ್ ಬೀಜದಲ್ಲಿ ಹೊಸ ಆರ್‌ಎನ್‌ಎ ಆಗದಂತೆ ಔಷಧ ಹಾಕಿ ತಡೆದರೂ ಬೇರು ಇಣುಕುತ್ತದೆ. ಪ್ರೋಟೀನ್ ತಯಾರಿಕೆ ತಡೆದರೆ ಮಾತ್ರ ಇಣುಕುವುದಿಲ್ಲ. ಎಣ್ಣೆಕಾಳಿನದು ಇನ್ನೊಂದು ದಾರಿ. ಕಡಲೆಕಾಯಿ, ಹರಳು, ಸೂರ್ಯಕಾಂತಿ ಎಲ್ಲ ಎಣ್ಣೆಯನ್ನು ಸಕ್ಕರೆ ಮಾಡಿಕೊಳ್ಳಬೇಕು. ಅದಕ್ಕೆ ಬೇಕಾದ ಗ್ಲೈಆಕ್ಸಿಲೇಟ್ ಚಕ್ರವನ್ನು 1957ರಲ್ಲಿ ಕಾರ್ನ್‌ಬರ್ಗ್ ಮತ್ತು ಬೀವರ್ಸ್ ಹರಳು ಬೀಜದಲ್ಲೇ ತೋರಿಸಿದ್ದು. ಮನುಷ್ಯರಿಗೆ ಆ ಚಕ್ರ ಇಲ್ಲ.

ಚನ್ನರಾಯಪಟ್ಟಣ ಅಡುಗೆಮನೆ
ಸೊಸೆಗೆ ಓದಿ ಹೇಳಿದೆ. ಇನ್ನು ಜೋಳವನ್ನೂ ಮೊಳಕೆ ಕಟ್ಟುತ್ತೇನೆ ಅಂತಿದ್ದಾಳೆ.

ಬೀಜದ ಲ್ಯಾಬು
ಅಮ್ಮಾ, ಬಿಳಿಜೋಳದ ಮೊಳಕೆ ಹಸಿಯಾಗಿ ತಿನ್ನಬೇಡಿ, ಮಕ್ಕಳಿಗಂತೂ ಬೇಡವೇ ಬೇಡ. ಎಳೆ ಮೊಳಕೆಯಲ್ಲಿ ಸಯನೈಡ್ ಬಿಡುವ ವಸ್ತು ಜಾಸ್ತಿ ಇರುತ್ತದೆ. ರಾಗಿ, ಹೆಸರುಕಾಳಿಗೆ ಆ ಭಯ ಇಲ್ಲ. ಅಂಗಡಿಯಿಂದ ತಂದ ಬಿತ್ತನೆ ಬೀಜ, ಬಣ್ಣ ಹಚ್ಚಿರುವುದು, ಅದನ್ನೂ ಮೊಳಕೆ ಕಟ್ಟಿ ತಿನ್ನಬಾರದು. ಅದು ಔಷಧ.

ಗೊರೂರು ಬಯಲು
ನನ್ನದೊಂದು. ಬೀನ್ಸ್ ಬೀಜ ರಾತ್ರಿಯೆಲ್ಲ ಬಕೆಟ್ ನೀರಲ್ಲಿ ಮುಳುಗಿಸಿಟ್ಟು ಹಾಕಿದರೆ ಅರ್ಧಕ್ಕರ್ಧ ಕೊಳೆಯುತ್ತದೆ. ಒಣಗಿದ್ದನ್ನೇ ಹಾಕಿದರೆ ಚೆನ್ನಾಗಿ ಬರುತ್ತದೆ. ನೆನೆಸುವುದು ಒಳ್ಳೆಯದು ಅಂದಿರಲ್ಲ?

ಬೀಜದ ಲ್ಯಾಬು
ರಾಗಿಗೆ ಸರಿ, ಬೀನ್ಸ್‌ಗೆ ಅಲ್ಲ. ದ್ವಿದಳ ಕಾಳು ತೀರಾ ಒಣಗಿದ್ದಾಗ ನೀರು ಒಮ್ಮೆಲೇ ನುಗ್ಗಿದರೆ ಕೋಶದ ಪೊರೆಗಳು ಸರಿಯಾಗಿ ಜೋಡಿಸಿಕೊಳ್ಳುವ ಮುಂಚೆಯೇ ಹರಿಯುತ್ತವೆ. ಒಳಗಿನ ಸಕ್ಕರೆ ಸೋರುತ್ತದೆ, ಅದಕ್ಕೆ ಬೂಷ್ಟು ಹತ್ತುತ್ತದೆ. ತಣ್ಣೀರಾದರೆ ಇನ್ನೂ ಕೆಟ್ಟದ್ದು. ಜೊತೆಗೆ ಬಕೆಟಿನ ತಳದಲ್ಲಿ ಗಾಳಿ ಇಲ್ಲ. ರಿಪೇರಿ ಮಾಡಲು ಶಕ್ತಿ ಬೇಕು, ಶಕ್ತಿಗೆ ಉಸಿರು ಬೇಕು. ನೆನೆಸಲೇಬೇಕು ಅಂದರೆ ಒದ್ದೆ ಗೋಣಿಚೀಲದ ನಡುವೆ ಹರಡಿ, ನಿಧಾನಕ್ಕೆ ಕುಡಿಯಲಿ.

ಬೇಲೂರು ಬುಲೆಟ್
ಆಲೂಗಡ್ಡೆ ಬೀಜಕ್ಕೂ ಇದೇ ಲೆಕ್ಕಾನಾ? ಜಲಂಧರ್‌ನಿಂದ ಬಂದ ಗಡ್ಡೆ ಈ ಸಲ ಕಣ್ಣೇ ಒಡೆದಿಲ್ಲ.

ಹಾಸನದ ಬಾಟನಿ ಮೇಷ್ಟ್ರು
ಗಡ್ಡೆ ಬೀಜ ಅಲ್ಲಪ್ಪ, ಅದು ಕಾಂಡ. ಒಣಗಿ ಎದ್ದ ಭ್ರೂಣ ಅಲ್ಲಿ ಇಲ್ಲ. ಅದರ ನಿದ್ದೆಯ ಕಥೆ ಬೇರೆ, ಬೇರೆ ಚರ್ಚೆ ಹಾಕಿ.

ಬಾಳೆಹೊನ್ನೂರು ನರ್ಸರಿ
ತಡವಾಗಿ ನೋಡಿದೆ ಮಾರಾಯ್ರೆ. ಕಾಫಿ ಬಗ್ಗೆ ಯಾರೂ ಎತ್ತಲೇ ಇಲ್ಲ! ರಾಗಿಯ ನಿಯಮ ಹಿಡಿದುಕೊಂಡು ಕಾಫಿ ಬೀಜದ ಹತ್ತಿರ ಬರಬೇಡಿ. ಬಿತ್ತನೆ ಕಾಫಿಯನ್ನು ನಾವು ರಾಗಿಯ ಹಾಗೆ ಕಟ್ ಅನ್ನುವಂತೆ ಒಣಗಿಸುವುದೇ ಇಲ್ಲ. ಹಣ್ಣಿನ ಪಲ್ಪ್, ಅಂದರೆ ತಿರುಳು, ತೆಗೆದು, ಜರಡಿ ಹಿಡಿದ ಸೌದೆ ಬೂದಿ ಬೆರೆಸಿ, ನೆರಳಲ್ಲಿ ಆರಿಸಿ, ಡಿಸೆಂಬರ್ ಜನವರಿಯಲ್ಲಿ ಪಾತಿಗೆ ಹಾಕುತ್ತೇವೆ. ಮೊಳಕೆಗೆ ಒಂದೂವರೆ ತಿಂಗಳು ಬೇಕು. ವರ್ಷ ಇಟ್ಟರೆ ಬೀಜ ಸತ್ತಿರುತ್ತದೆ. ಇಷ್ಟು ತಡ ಯಾಕೆ ಮೇಷ್ಟ್ರೇ? ಜಿಬ್ಬರೆಲಿನ್ ಹೊಡೆದರೆ ಬೇಗ ಬರುತ್ತದೆ ಅಂತ ಒಬ್ಬರು ಹೇಳುತ್ತಿದ್ದರು, ಹೊಡೆಯಬಹುದಾ?

ಹಾಸನದ ಬಾಟನಿ ಮೇಷ್ಟ್ರು
ಬೇಡ! ಬಾರ್ಲಿಗೆ ಆಗಿದ್ದು ಕಾಫಿಗೆ ಆಗುವುದಿಲ್ಲ. ನೆದರ್ಲೆಂಡ್ಸ್‌ನ ವಾಗೆನಿಂಗೆನ್‌ನಲ್ಲಿ ಅರೇಬಿಕಾ ಮೇಲೆ ಮಾಡಿದ ಕೆಲಸದಲ್ಲಿ, ಹೊರಗಿನಿಂದ ಜಿಬ್ಬರೆಲಿನ್ ಹಾಕಿದರೆ ಮೊಳಕೆ ನಿಲ್ಲುತ್ತದೆ, ಭ್ರೂಣದ ಕೋಶಗಳು ಸಾಯುತ್ತವೆ ಅಂತ ಬಂತು. ಬೀಜ ತಾನೇ ಮಾಡಿಕೊಳ್ಳುವ ಅಷ್ಟು ಮಾತ್ರ ಅದಕ್ಕೆ ಬೇಕು.

ತಡ ಯಾಕೆ ಅಂದರೆ, ಕಾಫಿಯ ಗಟ್ಟಿ ಭಾಗ ಪಿಷ್ಟ ಅಲ್ಲ. ಅದರ ಕೋಶದ ಗೋಡೆಗಳಲ್ಲಿ ಮ್ಯಾನನ್ ಅನ್ನುವ ಗಡಸು ವಸ್ತು ತುಂಬಿದೆ. ಅದನ್ನು ಮೆದು ಮಾಡಲು ಮ್ಯಾನನೇಸ್ ಕಿಣ್ವ ನಿಧಾನವಾಗಿ ಕೆಲಸ ಮಾಡಬೇಕು, ಒಳಗಿನ ಭ್ರೂಣವೂ ಬೆಳೆದು ದೊಡ್ಡದಾಗಬೇಕು. ಆಮೇಲೆ ನಿಮ್ಮ ಟೊಪ್ಪಿ ಸಸಿ, ಅಂದರೆ ಪಾತಿಯ ಎಳೆ ಸಸಿ.

ಬಾಳೆಹೊನ್ನೂರು ನರ್ಸರಿ
ಸರಿ, ಹಾಗಾದರೆ ಇನ್ನೊಂದು. ಪಲ್ಪ್ ಮಾಡಿದ ಪಾರ್ಚ್‌ಮೆಂಟ್‌ಗೂ ಹಣ್ಣು ಸಮೇತ ಒಣಗಿಸಿದ ಚೆರಿಗೂ ರುಚಿ ಬೇರೆ ಅಲ್ವಾ. ಕಣದಲ್ಲಿ ಒಣಗುವಾಗ ಕಾಫಿ ಒಳಗೊಳಗೇ ಮೊಳಕೆ ಬರಲು ನೋಡುತ್ತದೆ ಅಂತ ಕೇಳಿದೆ.

ಹಾಸನದ ಬಾಟನಿ ಮೇಷ್ಟ್ರು
ಹೌದು, ಜರ್ಮನಿಯಲ್ಲಿ ಸೆಲ್ಮಾರ್ ಮತ್ತು ಬೈಟೋಫ್ ಇದನ್ನೇ ಅಳೆದು ನೋಡಿದ್ದಾರೆ. ಹರಳು ಬೀಜದಲ್ಲಿ ಹೇಳಿದೆನಲ್ಲ, ಆ ಚಕ್ರದ ಐಸೋಸಿಟ್ರೇಟ್ ಲಯೇಸ್ ಅನ್ನುವ ಕಿಣ್ವದ ಜೀನನ್ನೇ ಮೊಳಕೆಯ ಗುರುತಾಗಿ ಹಿಡಿದರು. ಪಲ್ಪ್ ಮಾಡಿ ತೊಳೆದ ಕಾಫಿಯಲ್ಲಿ ಅದು ಸುಮಾರು 2 ದಿನದಲ್ಲೇ ಜೋರಾಗಿ ಏರಿತು. ಹಣ್ಣಿನೊಳಗೇ ಒಣಗಿದ ಕಾಫಿಯಲ್ಲಿ ಒಂದು ವಾರದ ಮೇಲೆ. ಹಣ್ಣಿನ ತಿರುಳಿನಲ್ಲಿ ಮೊಳಕೆ ತಡೆಯುವ ವಸ್ತುಗಳಿವೆ, ಪಲ್ಪರ್ ಅದನ್ನು ತೆಗೆದುಬಿಡುತ್ತದೆ. ಹಣ್ಣಿನೊಳಗೆ ಒಣಗುವ ಬೀಜಕ್ಕೆ ನೀರಿನ ಬರ ಜಾಸ್ತಿ ಹೊತ್ತು ಕಾಡುತ್ತದೆ, ಅದರಲ್ಲಿ ಗಾಬಾ ಅನ್ನುವ ವಸ್ತು ಕೂಡುತ್ತದೆ. ಸಕ್ಕರೆ, ಅಮೈನೋ ಆಮ್ಲ ಎಲ್ಲದರ ಲೆಕ್ಕ ಬೇರೆಯಾಗುತ್ತದೆ. ಹುರಿದಾಗ ವಾಸನೆ ಹುಟ್ಟುವುದೇ ಅವುಗಳಿಂದ ಅಲ್ವಾ?

ಬೇಲೂರು ಬುಲೆಟ್
ಅಂದರೆ ನಾವು ದಿನಾ ಕುಡಿಯುತ್ತಿರುವುದು ಅರ್ಧ ಮೊಳಕೆ ಬಂದ ಕಾಳಿನ ಡಿಕಾಕ್ಷನ್ನು.

ಅರಸೀಕೆರೆ ಹೊಲ
ಮೇಷ್ಟ್ರಿಗೂ ಲ್ಯಾಬಿನವರಿಗೂ: ಬೀಜ ಹರಡಿದ್ದೇನೆ. ಉಬ್ಬಿದ್ದು, ಬೇರು ಬಂದದ್ದು ಬೇರೆ ಮಾಡೋಕೆ ದಾರಿ ಇದೆಯಾ? ಅಷ್ಟು ಸಣ್ಣ ಕಾಳು, ಕೈಯಲ್ಲಿ ಆರಿಸೋಕೆ ಆಗಲ್ಲ.

ಬೀಜದ ಲ್ಯಾಬು
ಚೆನ್ನಾಗಿ ಒಣಗಿದ ಮೇಲೆ ಗೋಣಿಯ ಮೇಲೆ ಕೈಯಲ್ಲಿ ಮೆಲ್ಲಗೆ ಉಜ್ಜಿ ತೂರಿ. ಒಣಗಿದ ಬೇರಿನ ತುದಿಗಳು ಉದುರಿ ಹಾರಿ ಹೋಗುತ್ತವೆ, ಕಾಳು ಉಳಿಯುತ್ತದೆ. ಪೂರ್ತಿ ಬೇರೆ ಆಗುವುದಿಲ್ಲ. ಅದಕ್ಕೇ ಆ 100 ಕಾಳಿನ ಲೆಕ್ಕವನ್ನು ತೂರಿದ ಮೇಲೆ ಮಾಡಿ, ಮುಂಚೆ ಅಲ್ಲ. ಹೊಲ ಯಾವಾಗ ಆರಬಹುದು?

ಅರಸೀಕೆರೆ ಹೊಲ
ಮೋಡ ಇನ್ನೂ ಇದೆ. ಅಷ್ಟರೊಳಗೆ ಕಾಳು ಎಣಿಸುವ ಕೆಲಸ ಮಗಳಿಗೆ ಕೊಟ್ಟಿದ್ದೇನೆ.